ಸ್ವಂತ ವಾಕ್ಯದಲ್ಲಿ ಬಳಸಿ



ಸ್ವಲ್ಪ ಉದ್ದದ ಬರಹ. ಟೀ ಕುಡೀತಾ ಓದಿ, ಆದ್ರೆ ಪೂರ್ತಿ ಓದಿ.

ಮಾಗಡಿ ರಸ್ತೆಯಿಂದ ಒಳಗಿರೋ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವೊಂದು ಇಂಗ್ಲಿಷ್ ತರಗತಿ ನಡೆಸ್ತೀವಿ. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆಯಿಂದ ಹುಡುಗ ಹುಡುಗಿಯರು ಬರ್ತಾರೆ. ಪಿಯುಸಿ ಓದೋರು, ಐಟಿಐ ಮುಗಿಸಿದೋರು, ಲಾ ಕಾಲೇಜಿಗೆ ಸೇರಿದೋರು, ಗಾರ್ಮೆಂಟ್ಸಿಗೆ ಹೋಗ್ತಾ ಡಿಗ್ರಿ ಕಟ್ಟಿರೋರು ಎಲ್ಲರೂ ಇದ್ದಾರೆ. ವಾರಕ್ಕೆ ಐದೇ ಐದು ಹೊಸ ಪದ. ಸುಲಭದ್ದಲ್ಲ, ಪೇಪರ್ರಲ್ಲಿ, ಕೋರ್ಟಲ್ಲಿ, ಇಂಟರ್‌ವ್ಯೂನಲ್ಲಿ ಬಂದು ಎದೆ ನಡುಗಿಸೋ ಪದಗಳು. ಆ ಐದನ್ನೂ ಪ್ರತಿಯೊಬ್ಬರೂ ತಮ್ಮ ಸ್ವಂತ ವಾಕ್ಯದಲ್ಲಿ ಬಳಸಬೇಕು. ಅಷ್ಟೇ ನಮ್ಮ ಸಿಲಬಸ್ಸು.

ಚಳವಳಿಯ ಕೆಲವು ಗೆಳೆಯರಿಗೇ ಇದು ಸರಿ ಕಾಣ್ತಾ ಇಲ್ಲ. “ಸ್ಪೋಕನ್ ಇಂಗ್ಲಿಷ್ ಅಂಗಡಿ ಇಡೋದೂ ಚಳವಳಿನಾ?” ಅಂತ ಒಬ್ಬರು. “ಕನ್ನಡದ ಅನ್ನ ತಿಂದು ಇಂಗ್ಲಿಷಿಗೆ ಚಾಕರಿ ಮಾಡ್ತೀರಾ?” ಅಂತ ಇನ್ನೊಬ್ಬರು. ಇಬ್ಬರಿಗೂ ಉತ್ತರ ಚರಿತ್ರೆಯಲ್ಲಿದೆ. ಆ ಚರಿತ್ರೆ ಶುರುವಾಗೋದು ಲಂಡನ್ನಲ್ಲಲ್ಲ, ನಮ್ಮದೇ ಧಾರವಾಡದಲ್ಲಿ.

*

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗನ ಪರವಾಗಿ ಅರ್ಜಿ ಬಂತು. ಅದಕ್ಕೆ ಎರಡು ವರ್ಷ ಮುಂಚೆ, 1854ರಲ್ಲಿ, ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ನೀತಿ ಬಂದಿತ್ತು. ಸಾಮಾನ್ಯ ಜನರಿಗೂ ವಿದ್ಯೆ ಮುಟ್ಟಿಸಬೇಕು ಅಂತ ಅದರಲ್ಲಿತ್ತು. ಕಾಗದದ ಮೇಲೆ ಹುಡುಗನ ಹಕ್ಕು ಸ್ಪಷ್ಟ. ಆದರೂ ಶಾಲೆ ಬಾಗಿಲು ತೆಗೀಲಿಲ್ಲ. ಅರ್ಜಿ ಬೊಂಬಾಯಿ ಸರ್ಕಾರದವರೆಗೆ ಹೋಯ್ತು. ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ಹುಡುಗನ ಕಡೆ ನ್ಯಾಯ ಇದೆ ನಿಜ, ಆದರೆ ಒಬ್ಬನೇ ಒಬ್ಬನಿಗೋಸ್ಕರ ಒತ್ತಾಯ ಮಾಡಿದರೆ ಉಳಿದ ಜಾತಿಯವರೆಲ್ಲ ಮಕ್ಕಳನ್ನ ಬಿಡಿಸಿಕೊಂಡು ಹೋಗ್ತಾರೆ, ಶಾಲೆಯೇ ನಿಷ್ಪ್ರಯೋಜಕ ಆಗುತ್ತೆ.

ಗಮನಿಸಿ. ಅದು ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆ. ಬಾಗಿಲ ಬೀಗದ ಕೈ ಮಾತ್ರ ಜಾತಿಯ ಸೊಂಟದಲ್ಲಿತ್ತು.

ಲಂಡನ್ನಿನ ಕಂಪನಿ ನಿರ್ದೇಶಕರು ಜಾತಿಯ ಕಾರಣಕ್ಕೆ ಸರ್ಕಾರಿ ಶಾಲೆಯಿಂದ ಯಾವ ಹುಡುಗನನ್ನೂ ಹೊರಗಿಡಬಾರದು ಅಂತ ಬರೆದರು. ತತ್ವ ಬದಲಾಯ್ತು, ಊರು ಬದಲಾಗಲಿಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಹೇಳಿದ್ದೂ ಇದೇ ದುಃಖ. ರೈತ ಕಟ್ಟಿದ ಕಂದಾಯದ ದುಡ್ಡು ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಹೋಗ್ತಿದೆ, ತಳದವರಿಗೆ ಪ್ರಾಥಮಿಕ ಶಾಲೆಯೂ ಇಲ್ಲ ಅಂತ. ಸಾವಿತ್ರಿಬಾಯಿ ಅಂತೂ 1854ರಲ್ಲೇ ಪ್ರಕಟಿಸಿದ ‘ಕಾವ್ಯಫುಲೆ’ ಸಂಕಲನದಲ್ಲಿ ಇಂಗ್ಲಿಷ್ ಕಲಿಯಿರಿ ಅಂತ ಶೂದ್ರ ಅತಿಶೂದ್ರರನ್ನ ಕರೆದಿದ್ದರು. ಆ ತಾಯಿ ಯಾವ ಕಂಪನಿ ಕೆಲಸಕ್ಕೂ ರೆಸ್ಯೂಮೆ ತಯಾರು ಮಾಡ್ತಿರಲಿಲ್ಲ. ಯಾವ ಧರ್ಮಶಾಸ್ತ್ರವೂ “ಇದನ್ನ ನೀನು ಕೇಳಬಾರದು” ಅಂತ ಬೇಲಿ ಹಾಕದ ಒಂದು ಭಾಷೆ ಸಿಕ್ಕಿದ್ದನ್ನ ಕಂಡಿದ್ದರು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಬೇಕು ಅಂತ ಬರೆದಿಟ್ಟ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೈಸೂರು ಸಂಸ್ಥಾನದಲ್ಲೂ ಕತೆ ಬೇರೆ ಇರಲಿಲ್ಲ. ಮೊದಮೊದಲು ನಮ್ಮ ಮಕ್ಕಳಿಗೆ ಅಂತ ಪ್ರತ್ಯೇಕ ‘ಪಂಚಮ’ ಶಾಲೆಗಳು. 1915ರಲ್ಲಿ ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಆದೇಶ ಆದಾಗ ಕೆಲವು ಕಡೆ ಮೇಲ್ಜಾತಿಯವರು ಮಕ್ಕಳನ್ನ ಬಿಡಿಸಿಕೊಂಡರು. ಧಾರವಾಡದಲ್ಲಿ ಬೊಂಬಾಯಿ ಸರ್ಕಾರ ಹೆದರಿದ್ದು ಇದಕ್ಕೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಈ ಸಲ ಸರ್ಕಾರ ಆದೇಶ ವಾಪಸ್ ತಗೊಳ್ಳಲಿಲ್ಲ.

*

ಈಗ ಬಾಬಾಸಾಹೇಬರ ವಿಷಯಕ್ಕೆ ಬರೋಣ.

ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯೋ ಆಸೆ ಇತ್ತು. ಅಸ್ಪೃಶ್ಯ ಹುಡುಗನಿಗೆ ಸಂಸ್ಕೃತ ಕಲಿಸೋಕೆ ಆಗಲ್ಲ ಅಂದರು, ಪರ್ಷಿಯನ್ ತಗೊಂಡರು. ಮುಂದೆ ಸಂಸ್ಕೃತವನ್ನ ತಾವೇ ಕೂತು ಕಲಿತರು. ಪಾಲಿ ಕಲಿತರು, ಪಾಲಿ ನಿಘಂಟನ್ನೇ ತಯಾರು ಮಾಡಿದರು. ಅವರ ಬರಹ ಭಾಷಣಗಳ ಇಂಗ್ಲಿಷ್ ಸಂಪುಟಗಳಲ್ಲಿ 16ನೆಯದು ಪೂರ್ತಿ ಪಾಲಿ ವ್ಯಾಕರಣ ಮತ್ತು ನಿಘಂಟು. ಒಂದು ಪದಕ್ಕೋಸ್ಕರ ಇಷ್ಟು ಬೆವರು ಸುರಿಸಿದ ರಾಜಕಾರಣಿ ಈ ದೇಶದಲ್ಲಿ ಇನ್ಯಾರಿದ್ದಾರೆ ಹೇಳಿ?

ಇನ್ನೊಂದು ಮಾತು ನಾವು ಮರೀತೀವಿ. 1920ರ ‘ಮೂಕನಾಯಕ’ ಮರಾಠಿ. 1927ರ ‘ಬಹಿಷ್ಕೃತ ಭಾರತ’ ಮರಾಠಿ. ಆಮೇಲಿನ ‘ಜನತಾ’ ಮರಾಠಿ. ತಮ್ಮ ಜನರ ಜೊತೆ ಅವರು ಮಾತಾಡಿದ್ದು ಜನರ ಭಾಷೆಯಲ್ಲೇ. ಸರ್ಕಾರದ ಜೊತೆ, ಕಾಂಗ್ರೆಸ್ ಜೊತೆ, ಲೋಕದ ಜೊತೆ ವಾದ ಮಾಡಿದ್ದು ಇಂಗ್ಲಿಷ್‌ನಲ್ಲಿ. ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಇನ್ನೊಂದು. ಯಾವ ಕೈಯನ್ನೂ ಕಟ್ಟಿ ಹಾಕಿಕೊಳ್ಳಲಿಲ್ಲ.

1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅವರು ಧಾರವಾಡದ ಆ ಹುಡುಗನ ಪ್ರಕರಣವನ್ನ ಎತ್ತಿದರು. 72 ವರ್ಷ ಹಳೇ ಅರ್ಜಿಯನ್ನ ಸರ್ಕಾರದ ಮೇಜಿನ ಮೇಲೆ, ಸರ್ಕಾರದ್ದೇ ಭಾಷೆಯಲ್ಲಿ ಮತ್ತೆ ಇಟ್ಟರು. ಅದೇ ವರ್ಷ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದರ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ನಿಂತಿದ್ದು ಎಲ್ಲಿ ಗೊತ್ತಾ? ಅದೇ ಧಾರವಾಡದಲ್ಲಿ.

*

‘ಸ್ವಂತ ವಾಕ್ಯ’ ಅಂದ್ರೇನು ಅಂತ ನಮ್ಮ ತರಗತಿಯಲ್ಲಿ ಹೇಳಿಕೊಡೋದು 1936ರ ಒಂದು ಘಟನೆಯಿಂದ.

ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಬಾಬಾಸಾಹೇಬರನ್ನ ಅಧ್ಯಕ್ಷ ಭಾಷಣಕ್ಕೆ ಕರೆದಿತ್ತು. ಭಾಷಣ ಮೊದಲೇ ಅಚ್ಚಾಯ್ತು. ಓದಿದ ಮಂಡಲದವರು ಬೆವರಿದರು. ಅಲ್ಲಲ್ಲಿ ಕೆಲವು ಮಾತು ತೆಗೀರಿ, ಮೆತ್ತಗೆ ಮಾಡಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂತ ಬಾಬಾಸಾಹೇಬರು ಬರೆದರು. ಸಭೆ ರದ್ದಾಯ್ತು. ಅವರು ತಮ್ಮ ದುಡ್ಡಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು, ಎರಡು ತಿಂಗಳಲ್ಲಿ ಖಾಲಿ. ಅದೇ ‘ಆನಿಹಿಲೇಷನ್ ಆಫ್ ಕಾಸ್ಟ್’. ಅವರ ಪದ, ಅವರ ವಾಕ್ಯ, ಅವರ ಅಲ್ಪವಿರಾಮ.

ಈಗ ಆ ‘ಆನಿಹಿಲೇಟ್’ ಪದವನ್ನೇ ತಗೊಳ್ಳಿ. ಅದಕ್ಕೆ ಎರಡು ನೆಂಟರಿದ್ದಾರೆ: ‘ಅಬಾಲಿಶ್’ ಮತ್ತು ‘ಇರಾಡಿಕೇಟ್’. ಕನ್ನಡ ಗೈಡುಗಳಲ್ಲಿ ಮೂರಕ್ಕೂ ‘ನಿರ್ಮೂಲನೆ ಮಾಡು’ ಅಂತ ಒಂದೇ ಅರ್ಥ ಕೊಟ್ಟು ಕೈ ತೊಳ್ಕೋತಾರೆ. ಆದರೆ ಮೂರೂ ಬೇರೆ.

‘ಅಬಾಲಿಶ್’ ಅಂದ್ರೆ ರದ್ದು. ಕಾನೂನು, ಪದ್ಧತಿ, ತೆರಿಗೆ ಇಂಥವನ್ನ ಅಧಿಕಾರ ಇರೋರು ರದ್ದು ಮಾಡ್ತಾರೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಒಪ್ಪಿದ, ಇವತ್ತಿನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಗೆ ಬಳಸಿರೋದು ಈ ಪದ. ಅದೂ ವರ್ತಮಾನ ಕಾಲದಲ್ಲಿ. ‘ಮಾಡಲಾಗುವುದು’ ಅಂತಿಲ್ಲ, ‘ಮಾಡಲಾಗಿದೆ’ ಅಂತಿದೆ.

‘ಇರಾಡಿಕೇಟ್’ ಅನ್ನೋದರ ಒಳಗೆ ಲ್ಯಾಟಿನ್ನಿನ ‘ಬೇರು’ ಕೂತಿದೆ. ಕಳೆ, ರೋಗ, ಬಡತನ ಇಂಥವನ್ನ ಬೇರು ಸಮೇತ ಕೀಳೋದು. ನಮ್ಮ ‘ನಿರ್ಮೂಲನೆ’ಗೆ ನಿಜವಾದ ಜೋಡಿ ಇದು, ಅದರಲ್ಲೂ ಮೂಲ ಅಂದ್ರೆ ಬೇರು ಇದೆಯಲ್ಲ.

‘ಆನಿಹಿಲೇಟ್’ ಒಳಗಿರೋದು ಲ್ಯಾಟಿನ್ನಿನ ‘ಏನೂ ಇಲ್ಲ’ ಅನ್ನೋ ಪದ. ಶೂನ್ಯ ಮಾಡೋದು. ಕಾನೂನಲ್ಲಿ ರದ್ದು ಮಾಡಿದರೂ ಮನಸ್ಸಲ್ಲಿ ಉಳಿಯುತ್ತೆ, ಬೇರು ಕಿತ್ತರೂ ಬೀಜ ಉಳಿಯುತ್ತೆ. ಏನೂ ಉಳೀಬಾರದು ಅಂದ್ರೆ ಈ ಪದವೇ ಬೇಕು. ಜಾತಿಗೆ ಅವರು ಆರಿಸಿದ್ದು ಇದನ್ನ. ಅಸ್ಪೃಶ್ಯತೆ ಅಬಾಲಿಶ್ ಆಗಿ 75 ವರ್ಷ ದಾಟಿತು, ಜಾತಿ ಆನಿಹಿಲೇಟ್ ಆಗಿಲ್ಲ. ಈ ಒಂದು ವಾಕ್ಯ ಬರೆಯೋಕೆ ಎರಡು ಪದದ ವ್ಯತ್ಯಾಸ ಗೊತ್ತಿರಬೇಕು. ಗೊತ್ತಾದ ದಿನ ಅದು ಬರೀ ಪದಸಂಪತ್ತಲ್ಲ, ರಾಜಕೀಯ.

ನಮ್ಮನ್ನ ಕರೆಯೋ ಪದಗಳಿಗೂ ಇದೇ ಲೆಕ್ಕ. 1931ರ ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಮನವಿಯಲ್ಲೇ ಬಾಬಾಸಾಹೇಬರು ‘ಡಿಪ್ರೆಸ್ಡ್ ಕ್ಲಾಸಸ್’ ಅನ್ನೋ ಹೆಸರಿಗೆ ತಕರಾರು ತೆಗೆದು ಬೇರೆ ಹೆಸರು ಸೂಚಿಸಿದ್ದರು. 1935ರ ಕಾಯ್ದೆಯಿಂದ ‘ಶೆಡ್ಯೂಲ್ಡ್ ಕಾಸ್ಟ್’ ಬಂತು. ಅಂದ್ರೆ ಪಟ್ಟಿಯಲ್ಲಿ ಸೇರಿಸಿದ ಜಾತಿ, ಅಷ್ಟೇ. ಅನುಕಂಪ ಇಲ್ಲ, ಬೈಗುಳವೂ ಇಲ್ಲ, ಹಕ್ಕಿಗೊಂದು ವಿಳಾಸ ಇದೆ. ‘ಹರಿಜನ’ ಅನ್ನೋದನ್ನ ನಾವು ಬೇಡ ಅಂದ್ವಿ. ‘ದಲಿತ’ ಅನ್ನೋದನ್ನ ನಾವೇ ಎತ್ತಿಕೊಂಡ್ವಿ. ಯಾರೋ ಬರೆದ ವಾಕ್ಯದಲ್ಲಿ ಕರ್ಮಪದ ಆಗಿದ್ದೋರು ಕರ್ತೃಪದ ಆಗೋದು ಅಂದ್ರೆ ಇದು.

*

ಕರ್ನಾಟಕದಲ್ಲಿ ಈ ಜಗಳ ಬೀದಿಗೆ ಬಂದಿದ್ದು 1973ರ ನವೆಂಬರಿನಲ್ಲಿ. ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಕಾರ್ಯಕ್ರಮದಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಒಳ್ಳೇ ವಿಚಾರ ಬೇಕಾದ್ರೆ ಇಂಗ್ಲಿಷ್ ಓದಬೇಕು ಅನ್ನೋ ಅರ್ಥದ ಮಾತಾಡಿದರು. ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಹೊರಟಿದ್ದ ಮಂತ್ರಿ ಅವರು. ಆ ಕೆಲಸಕ್ಕೆ ಬೀದಿಗಿಳಿಯದ ಜನ ಈ ಮಾತಿಗೆ ಇಳಿದರು. ಮೈಸೂರು, ಬೆಂಗಳೂರಲ್ಲಿ ಗಲಾಟೆ. ದಲಿತ ಹುಡುಗರ ಮೇಲೆ, ಹಾಸ್ಟೆಲ್‌ಗಳ ಮೇಲೆ ದಾಳಿ. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಡಿಸೆಂಬರಿನಲ್ಲಿ ಮಂತ್ರಿಗಿರಿ ಹೋಯ್ತು.

ಆ ಏಟುಗಳಿಂದ ಒಟ್ಟಾದ ಹುಡುಗರೇ ಮುಂದೆ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಇಲ್ಲೊಂದು ತಮಾಷೆ ನೋಡಿ. ಕನ್ನಡ ದ್ರೋಹಿಗಳು ಅಂತ ಹೊಡೆಸಿಕೊಂಡ ಚಳವಳಿಯ ನಾಯಕ ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಸಿದ್ಧಲಿಂಗಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಮೇಷ್ಟ್ರು. 1975ರ ‘ಹೊಲೆಮಾದಿಗರ ಹಾಡು’, 1984ರ ದೇವನೂರರ ‘ಕುಸುಮಬಾಲೆ’ ಕನ್ನಡದ ದಿಕ್ಕನ್ನೇ ಬದಲಿಸಿದವು. ಬೂಸಾ ಅಂದವರ ಕಡೆಯವರೇ ಕನ್ನಡಕ್ಕೆ ಕಾಳು ತುಂಬಿದರು. ಜಗಳ ಕನ್ನಡದ ಮೇಲೆ ಇರಲಿಲ್ಲ. ಕನ್ನಡದ ಹೆಸರಲ್ಲಿ ಯಾರ ಅನುಭವ ಲೆಕ್ಕಕ್ಕೆ ಬರುತ್ತೆ ಅನ್ನೋದರ ಮೇಲಿತ್ತು.

*

ನಮ್ಮ ಪಶ್ಚಿಮ ಬೆಂಗಳೂರಿಗೆ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. ಬಿನ್ನಿಪೇಟೆ, ಮಾಗಡಿ ರಸ್ತೆ, ಶ್ರೀರಾಂಪುರ ಇವೆಲ್ಲ ಮಿಲ್ಲುಗಳ ಸೈರನ್ ಕೇಳಿ ಎದ್ದ ಬಡಾವಣೆಗಳು. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ಶುರುವಾದ ಮೇಲೆ ಇನ್ನಷ್ಟು ಕಾರ್ಖಾನೆ, ಇನ್ನಷ್ಟು ಕೇರಿ.

ನಮ್ಮಪ್ಪ ಒಂದು ಮಿಲ್ಲಿನಲ್ಲಿದ್ದ. ಇಂಗ್ಲಿಷಿನ ಒಂದಕ್ಷರ ಓದೋಕೆ ಬರ್ತಿರಲಿಲ್ಲ. ಆದರೆ ಲಾಕೌಟ್, ಲೇಆಫ್, ಚಾರ್ಜ್‌ಶೀಟ್, ಸಸ್ಪೆಂಡ್, ಗ್ರಾಚುಟಿ ಎಲ್ಲಾ ಗೊತ್ತಿತ್ತು. ಯಾರೂ ಕಲಿಸಿದ್ದಲ್ಲ, ಒಂದೊಂದು ಪದವೂ ಒಂದೊಂದು ಏಟಿನ ಜೊತೆ ಬಂದಿದ್ದು. ನೋಟಿಸ್ ಬೋರ್ಡಿನ ಮುಂದೆ ನಿಂತು “ಏನಂತೆ ಸ್ವಾಮಿ?” ಅಂತ ಓದಿದೋರನ್ನ ಕೇಳ್ತಿದ್ದ. ಅವರು ಎಷ್ಟು ಹೇಳಿದರೋ ಅಷ್ಟೇ ಅವನಿಗೆ ಗೊತ್ತಾಗೋದು. ಗ್ರಾಚುಟಿ ಕಾಯ್ದೆ ಬಂದಿದ್ದು 1972ರಲ್ಲಿ. ತನಗೆ ಬರಬೇಕಾದ್ದು ಪೂರ್ತಿ ಬರಲಿಲ್ಲ ಅಂತ ಅವನಿಗೆ ತಿಳಿದಿದ್ದು, ನಾನು ಡಿಗ್ರಿ ಓದುವಾಗ ಆ ಹಳೇ ಕಾಗದ ಬಿಡಿಸಿ ಓದಿ ಹೇಳಿದ ಮೇಲೆ. ಪದ ಅವನಿಗೆ ಗೊತ್ತಿತ್ತು. ಆ ಪದ ಇಟ್ಟು “ನನಗೆ ಇಷ್ಟು ಕೊಡಬೇಕು” ಅಂತ ವಾಕ್ಯ ಮಾಡೋಕೆ ಗೊತ್ತಿರಲಿಲ್ಲ.

ಶ್ರೀರಾಂಪುರದಲ್ಲೇ ಬೆಳೆದ ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ತಮ್ಮ ಓದಿನ ಕತೆ ಹೇಳಿದ್ದಾರೆ. ಮನೆಯಲ್ಲಿ ಜಾಗ ಇಲ್ಲ, ಬೀದಿಯಲ್ಲಿ ಗಲಾಟೆ, ಹಾಗಾಗಿ ಸ್ಮಶಾನಕ್ಕೆ ಹೋಗಿ ಸಮಾಧಿಗಳ ನಡುವೆ ಕೂತು ಓದ್ತಿದ್ದರು. ಇವತ್ತಿನ ನಮ್ಮ ಹುಡುಗರು ಹಂಪಿನಗರದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂರ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಒಮ್ಮೆ ಹೋಗಿ ನೋಡಿ, ಕಾಯ್ತಾ ನಿಂತಿರೋ ಮುಖಗಳನ್ನ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಲೋಕಕ್ಕೆಲ್ಲ ಇಂಗ್ಲಿಷ್ ಕಲಿಸೋ ರೀತಿಯನ್ನೇ ಬದಲಿಸಿದ ಒಂದು ಪ್ರಯೋಗ ನಮ್ಮ ಊರಿಂದ ಶುರುವಾಯ್ತು. 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇವತ್ತು ಇರೋದು ಕೆಂಗೇರಿಗೆ ಹೋಗೋ ದಾರಿಯ ಜ್ಞಾನಭಾರತಿ ಆವರಣದಲ್ಲಿ. ಆಗೆಲ್ಲ ಶಾಲೆಗಳಲ್ಲಿ ‘ಸ್ಟ್ರಕ್ಚರಲ್’ ಪದ್ಧತಿ. ಲೆಕ್ಕ ಹಾಕಿ ಇಟ್ಟ ವಾಕ್ಯದ ಮಾದರಿಗಳು, ಅಳೆದು ಕೊಟ್ಟ ಪದಗಳು, ಇಡೀ ತರಗತಿ ಒಟ್ಟಿಗೆ ಕೂಗಿ ಕೂಗಿ ಹೇಳೋದು. ಆ ಪದ್ಧತಿಯ ಬಗ್ಗೆ ಅನುಮಾನ ಎದ್ದು, 1979ರಲ್ಲಿ ಎನ್. ಎಸ್. ಪ್ರಭು ಅವರ ಮುಂದಾಳ್ತನದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಅಂತ ಹೆಸರಾದ ಕೆಲಸ ಶುರುವಾಯ್ತು. ಬೆಂಗಳೂರು, ಮದ್ರಾಸು ಮತ್ತಿತರ ಊರುಗಳ ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ನಡೀತು. ವ್ಯಾಕರಣ ಪಾಠ ಬದಿಗಿಟ್ಟು, ರೈಲ್ವೆ ವೇಳಾಪಟ್ಟಿ ಓದಿ ಯಾವ ರೈಲು ಹತ್ತಬೇಕು ಅಂತ ಹುಡುಕೋದು, ನಕ್ಷೆ ನೋಡಿ ದಾರಿ ಹೇಳೋದು, ಇಂಥ ಕೆಲಸಗಳನ್ನ ಇಂಗ್ಲಿಷ್‌ನಲ್ಲಿ ಮಾಡಿಸಿದರು. ಮನಸ್ಸು ಅರ್ಥದ ಮೇಲೆ ಇದ್ದಾಗ ಭಾಷೆ ತಾನಾಗಿ ಕೂರುತ್ತೆ ಅನ್ನೋದು ಅವರ ನಂಬಿಕೆ. 1987ರಲ್ಲಿ ಪ್ರಭು ಅದನ್ನ ಪುಸ್ತಕವಾಗಿ ಬರೆದರು. ಇವತ್ತು ಜಗತ್ತಿನ ಯಾವ ದೇಶದಲ್ಲಿ ಇಂಗ್ಲಿಷ್ ಮೇಷ್ಟ್ರ ತರಬೇತಿಗೆ ಹೋದರೂ ಬೆಂಗಳೂರಿನ ಹೆಸರು ಬರುತ್ತೆ.

ಆದರೆ ನಾನು ಓದಿದ ಶಾಲೆಗೆ, ನಮ್ಮ ಕೇರಿಯ ಶಾಲೆಗೆ ಅದು ಬರಲಿಲ್ಲ. ನಮಗೆ ಸಿಕ್ಕಿದ್ದು ಗೈಡು. “ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ” ಅಂತ ಪ್ರಶ್ನೆ ಇರ್ತಿತ್ತು, ಉತ್ತರ ಗೈಡಿನಲ್ಲಿ ಅಚ್ಚಾಗಿರ್ತಿತ್ತು. ಎಪ್ಪತ್ತು ಮಕ್ಕಳು, ಎಪ್ಪತ್ತು ಪೇಪರು, ಒಂದೇ ‘ಸ್ವಂತ’ ವಾಕ್ಯ! ಒಮ್ಮೆ ನಾನು ಗೈಡು ಬಿಟ್ಟು ನಮ್ಮವ್ವನ ಬಗ್ಗೆ ಒಂದು ವಾಕ್ಯ ಬರೆದಿದ್ದೆ, ಗೈಡಿನಲ್ಲಿ ಇಲ್ಲ ಅಂತ ಮೇಷ್ಟ್ರು ಸೊನ್ನೆ ಹಾಕಿದರು.

*

ಸ್ವಂತ ವಾಕ್ಯದಲ್ಲಿ ಬಳಸಿದರೆ ಪದ ಯಾಕೆ ನಿಲ್ಲುತ್ತೆ? ಬಾಟಿಯಾ ಲಾಫರ್ ಮತ್ತು ಯಾನ್ ಹುಲ್‌ಸ್ಟೈನ್ ಅನ್ನೋ ಇಬ್ಬರು ಭಾಷಾ ವಿದ್ವಾಂಸರು 2001ರಲ್ಲಿ ಒಂದು ವಾದ ಮಂಡಿಸಿದರು. ಪದ ನೆನಪಲ್ಲಿ ಉಳಿಯೋಕೆ ಮೂರು ಬೇಕು: ಆ ಪದದ ಅಗತ್ಯ, ಅದರ ಹುಡುಕಾಟ, ಮತ್ತು ಇದು ಇಲ್ಲಿ ಒಪ್ಪುತ್ತಾ ಇಲ್ವಾ ಅನ್ನೋ ತೀರ್ಮಾನ. ಪಟ್ಟಿ ಬಾಯಿಪಾಠ ಮಾಡೋದರಲ್ಲಿ ಈ ತೀರ್ಮಾನದ ಕೆಲಸವೇ ಇಲ್ಲ. ವಾಕ್ಯ ಕಟ್ಟುವಾಗ ಅದು ಪೂರ್ತಿ ಇದೆ. ಉದಾಹರಣೆಗೆ ‘ಅಟ್ರಾಸಿಟಿ’ ಜೊತೆ ‘ಡು’ ಬರಲ್ಲ, ‘ಕಮಿಟ್’ ಬರುತ್ತೆ. ನಿಘಂಟಿನ ಅರ್ಥ ನೋಡಿದರೆ ಇದು ಗೊತ್ತಾಗಲ್ಲ, ಬರೆದು ತಿದ್ದಿಸಿಕೊಂಡರೇ ಗೊತ್ತಾಗೋದು.

ನಾನು ಇದಕ್ಕೆ ಒಂದು ಸೇರಿಸ್ತೀನಿ. ವಾಕ್ಯ ನಿಮ್ಮ ಬದುಕಿನದ್ದಾಗಿರಬೇಕು. ನಾರ್ಮನ್ ಲೂಯಿಸರ 1949ರ ‘ವರ್ಡ್ ಪವರ್ ಮೇಡ್ ಈಸಿ’ ಇವತ್ತಿಗೂ ಅವೆನ್ಯೂ ರಸ್ತೆ ಫುಟ್‌ಪಾತಲ್ಲಿ ಸಿಗುತ್ತೆ, ಒಳ್ಳೇ ಪುಸ್ತಕ, ನಾವೂ ಬಳಸ್ತೀವಿ. ಆದರೆ ಅದರಲ್ಲಿ ನಮ್ಮ ಬೀದಿ ಇಲ್ಲ. ಹಾಗಾಗಿ ಬೀದಿಯನ್ನ ನಾವೇ ತರಬೇಕು.

ನಮ್ಮ ಮಕ್ಕಳು ಇಂಗ್ಲಿಷ್‌ನಲ್ಲಿ ಬರೆದಿದ್ದರ ಅರ್ಥ ಇಲ್ಲಿ ಕೊಡ್ತೀನಿ, ನೋಡಿ.

ಪದ ‘ಯೂಬಿಕ್ವಿಟಸ್’, ಎಲ್ಲೆಲ್ಲೂ ಇರೋದು. ಡಿಗ್ರಿ ಓದೋ ಹುಡುಗಿ ಬರೆದಳು: “ವಿಜಯನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ವೆಜ್ಜಾ?’ ಅನ್ನೋ ಪ್ರಶ್ನೆ ಯೂಬಿಕ್ವಿಟಸ್.” ಮುಂದಿನ ವಾರದ ಪದ ‘ಯೂಫೆಮಿಸಂ’. ಅದೇ ಹುಡುಗಿ: “ಆ ಪ್ರಶ್ನೆ ಜಾತಿ ಯಾವುದು ಅನ್ನೋದರ ಯೂಫೆಮಿಸಂ.” ಎರಡು ವಾರ, ಎರಡು ಪದ, ಒಂದು ಪಿಎಚ್‌ಡಿ ಆಗೋಯ್ತು.

ಪದ ‘ಇಂಡಿಸ್ಪೆನ್ಸಬಲ್’, ಇಲ್ಲದೆ ನಡೆಯೋದೇ ಇಲ್ಲ ಅನ್ನುವಂಥದ್ದು. ಪೌರಕಾರ್ಮಿಕ ತಾಯಿಯ ಮಗ ಬರೆದ: “ಕೊರೊನಾ ಕಾಲದಲ್ಲಿ ಎಲ್ಲರೂ ನಮ್ಮಮ್ಮನ್ನ ಇಂಡಿಸ್ಪೆನ್ಸಬಲ್ ಅಂದರು. ಅವಳು ಗುಡಿಸೋ ಬೀದಿಯಲ್ಲಿ ಟಾಯ್ಲೆಟ್ಟಿಗೆ ಬಿಡೋರು ಒಬ್ಬರೂ ಇಲ್ಲ.” ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ಎದ್ದು, “ಅಣ್ಣಾ, ಎರಡನೇ ವಾಕ್ಯಕ್ಕೆ ಮುಂಚೆ ‘ಯೆಟ್’ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತೆ” ಅಂದ. ಹಾಕಿದರು. ಆ ‘ಯೆಟ್’ ಇನ್ನು ಅವರಿಬ್ಬರೂ ಸಾಯೋವರೆಗೂ ಮರೆಯಲ್ಲ.

*

ಇದು ಬರೀ ಇಂಟರ್‌ವ್ಯೂ ವಿಷಯ ಅಂದುಕೊಂಡೋರಿಗೆ ಎರಡು ಕಾನೂನಿನ ಪದ ಹೇಳ್ತೀನಿ.

ಒಂದು, ‘ಪಬ್ಲಿಕ್ ವ್ಯೂ’. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಹಿಡಿದು ಅವಮಾನ ಮಾಡೋದು ಅಪರಾಧ ಆಗಬೇಕಾದ್ರೆ ಅದು ‘ಪಬ್ಲಿಕ್ ವ್ಯೂ’ ಒಳಗೆ, ಅಂದ್ರೆ ಜನರ ಕಣ್ಣಿಗೆ ಬೀಳೋ ಹಾಗೆ ನಡೆದಿರಬೇಕು. ‘ಪಬ್ಲಿಕ್ ಪ್ಲೇಸ್’ ಬೇರೆ, ‘ಪಬ್ಲಿಕ್ ವ್ಯೂ’ ಬೇರೆ. ಖಾಸಗಿ ಮನೆಯ ಮೆಟ್ಟಿಲ ಮೇಲೆ ಬೈದಾಗ ಬೀದಿಯ ಜನ ನೋಡ್ತಿದ್ದರೆ ಅದು ಪಬ್ಲಿಕ್ ವ್ಯೂ. 2020ರಲ್ಲಿ ಹಿತೇಶ್ ವರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆ ಒಳಗಿನ ಬೈಗುಳಕ್ಕೆ ಈ ಕಲಂ ಅನ್ವಯ ಆಗಲ್ಲ ಅಂತ ಹೇಳ್ತು. ಈ ತೀರ್ಪನ್ನ ಒಪ್ಪಿ ಬಿಡಿ, ದೂರು ಬರೆಯುವಾಗ “ಅಕ್ಕಪಕ್ಕದ ನಾಲ್ಕು ಜನ ನೋಡುತ್ತಿದ್ದರು” ಅನ್ನೋ ಒಂದು ಸಾಲು ಬಿಟ್ಟುಹೋದರೆ ಕೇಸು ಅಲ್ಲೇ ಕುಂಟುತ್ತೆ. ಒಂದು ಠಾಣೆಯಲ್ಲಿ ನಮ್ಮ ಅಕ್ಕ ಒಬ್ಬಳ ದೂರನ್ನ ಬರೆದುಕೊಂಡೋರು ಆ ಸಾಲನ್ನೇ ಬಿಟ್ಟಿದ್ದರು. ಜೊತೆಗೆ ಹೋಗಿದ್ದ ನಮ್ಮ ತರಗತಿಯ ಲಾ ಓದೋ ಹುಡುಗಿ, “ಸಾರ್, ಪಬ್ಲಿಕ್ ವ್ಯೂ ಎಲ್ಲಿ ಬಂತು ಇದರಲ್ಲಿ?” ಅಂತ ಕೇಳಿದಳು. ಕಾಗದ ಬದಲಾಯ್ತು. ಅಕ್ಕನಿಗೆ ಇಂಗ್ಲಿಷ್ ಬರಬೇಕಾಗಿರಲಿಲ್ಲ. ಅಕ್ಕನ ಪಕ್ಕದಲ್ಲಿ ಒಬ್ಬರಿಗೆ ಬರಬೇಕಾಗಿತ್ತು.

ಎರಡು, ‘ಹೋಸ್ಟೈಲ್’. ನಿಘಂಟಿನಲ್ಲಿ ಅರ್ಥ ‘ಶತ್ರುಭಾವದ’. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಮನೆಯಲ್ಲಿ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಅಂಥ ಸಾಕ್ಷಿಗಳಿಗೆ ಕೋರ್ಟಿನ ಭಾಷೆಯಲ್ಲಿ ‘ಹೋಸ್ಟೈಲ್ ವಿಟ್ನೆಸ್’ ಅಂತಾರೆ. ಅದೇ ಊರಲ್ಲಿ, ಅದೇ ಜಮೀನ್ದಾರರ ಕಣ್ಣೆದುರು ಬದುಕಬೇಕಾದ ಜನಕ್ಕೆ ‘ಶತ್ರು’ ಅಂತ ಹೆಸರು. ತರಗತಿಯಲ್ಲಿ ಈ ಪದ ಕೊಟ್ಟ ದಿನ ಒಬ್ಬ ಹುಡುಗ ಬರೆದ: “ಸಾಕ್ಷಿ ಹೋಸ್ಟೈಲ್ ಆಗಲಿಲ್ಲ, ಊರು ಹೋಸ್ಟೈಲ್ ಆಗಿತ್ತು.” ಸಂವಿಧಾನದ 348ನೇ ವಿಧಿ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್. ಈ ವಾಕ್ಯವನ್ನ ಅಲ್ಲಿ ನಿಂತು ಹೇಳೋ ವಕೀಲರು ನಮ್ಮ ಕೇರಿಯಿಂದ ಬರಬೇಕು.

*

ಹಾಗಾದರೆ ಕನ್ನಡ?

ದೇವನೂರ ಮಹಾದೇವ ಅವರು 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನ ಬೇಡ ಅಂದರು. ಶಿಕ್ಷಣದಲ್ಲಿ ಕನ್ನಡ ಮಾಧ್ಯಮ ಬರಲಿಲ್ಲ ಅನ್ನೋ ನೋವಿಗೆ. ನಮ್ಮದೇ ಮನೆಯ ಹಿರಿಯರ ಮಾತು ಅದು, ತಳ್ಳಿಹಾಕೋ ಯೋಗ್ಯತೆ ನನಗಿಲ್ಲ. ಬಡವರ ಮಗು, ಮಂತ್ರಿ ಮಗು ಒಂದೇ ಶಾಲೆಯಲ್ಲಿ ಕನ್ನಡದಲ್ಲಿ ಓದೋದಾದರೆ ನಾನೇ ಮೊದಲು ಬ್ಯಾನರ್ ಹಿಡೀತೀನಿ. ಆಗಿದ್ದೇನು? 1982ರ ಗೋಕಾಕ್ ಚಳವಳಿಯಲ್ಲಿ ನಾವೂ ಬೀದಿಯಲ್ಲಿದ್ವಿ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಮಾತೃಭಾಷಾ ಮಾಧ್ಯಮವನ್ನ ಸರ್ಕಾರ ಹೇರೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ದುಡ್ಡಿದ್ದೋರು ಮೊದಲೇ ಹೋಗಿದ್ದರು, ಈಗ ಕಾನೂನು ಪ್ರಕಾರ ಹೋದರು. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟಿನಲ್ಲಿ ನಮ್ಮ ಕೆಲವು ಮಕ್ಕಳು ಖಾಸಗಿ ಶಾಲೆ ಬಾಗಿಲು ದಾಟಿದ್ದರು. 2019ರಲ್ಲಿ ನಿಯಮ ಬದಲಾಗಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಆ ಸೀಟೂ ಇಲ್ಲ ಅಂತಾಯ್ತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದಾಗ ಮಾತ್ರ “ಕನ್ನಡ ಸತ್ತೇಹೋಯ್ತು” ಅಂತ ಕೂಗು ಎದ್ದಿತು. ಕೂಗಿದ ಹಿರಿಯರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ ಅಂತ ನಾನು ಕೇಳಲ್ಲ. ನೀವೇ ಕೇಳಿ.

ಇಂಗ್ಲಿಷನ್ನ ದೇವರು ಮಾಡೋದೂ ನನಗೆ ಒಪ್ಪಿಗೆ ಇಲ್ಲ. ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ಚಂದ್ರಭಾನ್ ಪ್ರಸಾದ್ ಅವರು 2010ರಲ್ಲಿ ‘ಇಂಗ್ಲಿಷ್ ದೇವಿ’ಗೆ ಗುಡಿ ಕಟ್ಟೋಕೆ ಶುರು ಮಾಡಿದರು. ಕಂಪ್ಯೂಟರ್ ಮೇಲೆ ನಿಂತ, ಕೈಯಲ್ಲಿ ಪೆನ್ನು ಹಿಡಿದ ದೇವಿ. ಅವರ ಸಿಟ್ಟು, ಅವರ ವ್ಯಂಗ್ಯ ನನಗೆ ಅರ್ಥ ಆಗುತ್ತೆ. ಆದರೆ ಗುಡಿ ಕಟ್ಟಿದ ಮೇಲೆ ಪೂಜಾರಿ ಬಂದೇ ಬರ್ತಾನೆ. ಆಕ್ಸೆಂಟು ನೋಡಿ ಒಳಗೆ ಬಿಡೋ ಪೂಜಾರಿಗಳು ಈ ಊರಲ್ಲಿ ಈಗಲೇ ಬೇಕಾದಷ್ಟು ಇದ್ದಾರೆ. ನಮಗೆ ಇಂಗ್ಲಿಷ್ ದೇವಿಯಲ್ಲ, ಗುದ್ದಲಿ. ಕೆಲಸಕ್ಕೆ ಬೇಕು, ಹರಿತ ಇರಬೇಕು, ನಮ್ಮ ಕೈಯಲ್ಲಿರಬೇಕು.

ಅದಕ್ಕೇ ನಮ್ಮ ತರಗತಿಯಲ್ಲಿ ಒಂದು ನಿಯಮ ಇದೆ. ಬರೆದ ಪ್ರತಿ ಇಂಗ್ಲಿಷ್ ವಾಕ್ಯವನ್ನೂ ಮನೆಗೆ ಹೋಗಿ ಅವ್ವನಿಗೋ ಅಪ್ಪನಿಗೋ ಕನ್ನಡದಲ್ಲೋ ತೆಲುಗಲ್ಲೋ ತಮಿಳಲ್ಲೋ ಹೇಳಬೇಕು. ಅವರಿಗೆ ಅರ್ಥ ಆಗದಿದ್ದರೆ ನಿನಗೂ ಆ ಪದ ಅರ್ಥ ಆಗಿಲ್ಲ ಅಂತ ಲೆಕ್ಕ.

ನಿಮ್ಮ ಕೇರಿಯಲ್ಲೂ ಶುರು ಮಾಡಬಹುದು. ಕಟ್ಟಡ ಬೇಡ, ಮರದ ನೆರಳು ಸಾಕು. ಒಂದು ಹಳೇ ನಿಘಂಟು, ಒಂದು ನೋಟ್‌ಬುಕ್ಕು, ತಿದ್ದೋಕೆ ಒಬ್ಬರು. ವಾರಕ್ಕೆ ಐದು ಪದ. ಪ್ರತಿ ಪದಕ್ಕೆ ಮೂರು ವಾಕ್ಯ: ಒಂದು ಮನೆಯದ್ದು, ಒಂದು ಬೀದಿಯದ್ದು, ಒಂದು ಹಕ್ಕಿನದ್ದು. ಕಾಪಿ ಹೊಡೆದ ವಾಕ್ಯಕ್ಕೆ ಮಾರ್ಕ್ಸಿಲ್ಲ. ತಪ್ಪು ಇಂಗ್ಲಿಷಿಗೆ ನಗೋ ಹಾಗಿಲ್ಲ. ಹಿಂದಿನ ವಾರದ ಪದಗಳನ್ನ ಈ ವಾರ ಮತ್ತೆ ಬಳಸಲೇಬೇಕು, ಒಂದು ಸಲ ನೋಡಿದ ಪದ ಉಳಿಯಲ್ಲ.

ವರ್ಷಕ್ಕೆ ಇನ್ನೂರೈವತ್ತು ಪದ ಆಗುತ್ತೆ. ಕಡಿಮೆ ಅನ್ಸುತ್ತಾ? 1856ರಲ್ಲಿ ಧಾರವಾಡದ ಆ ಹುಡುಗನಿಗೆ ಒಂದೂ ಸಿಗಲಿಲ್ಲ.

ಈ ಭಾನುವಾರದ ಮೊದಲ ಪದ ‘ರಿಲಿಂಕ್ವಿಶ್’, ಅಂದ್ರೆ ಹಿಡಿದಿದ್ದನ್ನ ಬಿಟ್ಟುಕೊಡೋದು. ನಿಮ್ಮ ವಾಕ್ಯ ನೀವೂ ಬರೀರಿ.

ಜೈಭೀಮ್.